ಅವ್ವನನ್ನು ಹೊಸ ಮದ್ದಿನ ಟ್ರಯಲ್‌ಗೆ ಸೇರಿಸಬಹುದಾ?

ಪ್ರಶ್ನೆ: ನಮ್ಮ ಅವ್ವನಿಗೆ 61 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ತಗೊಂಡರೂ ಶುಗರ್ ಹತೋಟಿಗೆ ಬರುತ್ತಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಸ ಮದ್ದಿನ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದ್ದಾರೆ. ಮದ್ದು, ರಕ್ತ ಪರೀಕ್ಷೆ ಎಲ್ಲಾ ಫ್ರೀ ಅಂತೆ. ಆದರೆ ಅರ್ಧ ಜನರಿಗೆ ಹೊಸ ಮಾತ್ರೆ, ಇನ್ನರ್ಧ ಜನರಿಗೆ ಮದ್ದೇ ಇಲ್ಲದ ಖಾಲಿ ಮಾತ್ರೆ ಕೊಡುತ್ತಾರಂತೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ವಂತೆ. ಮನೆಯಲ್ಲಿ ಎಲ್ಲರೂ "ಅವ್ವನನ್ನು ಪ್ರಯೋಗದ ಇಲಿ ಮಾಡ್ತಾರೆ" ಅಂತ ಹೆದರಿಸುತ್ತಿದ್ದಾರೆ. ಅಣ್ಣ ಅಂತೂ "ನಾವು ಕಕ್ಕಡದಲ್ಲಿ ಮದ್ದು ಸೊಪ್ಪು ತಿನ್ನೋಕೆ ಯಾರ ಅಪ್ಪಣೆ ಕೇಳಿದ್ದೇವೆ? ಒಂದು ಮಾತ್ರೆಗೆ ಹತ್ತು ಹದಿನೈದು ವರ್ಷ ಯಾಕೆ?" ಅಂತಾನೆ. ಏನು ಮಾಡಲಿ?
ಪೊನ್ನಂಪೇಟೆ ಕಡೆಯ ಓದುಗರು

ಉತ್ತರ: ಸೇರಬಹುದು, ಬೇಡ ಅನ್ನಲೂಬಹುದು. ಬೇಡ ಅಂದರೆ ಅವ್ವನಿಗೆ ಈಗ ಸಿಗುತ್ತಿರುವ ಚಿಕಿತ್ಸೆಗೆ ಒಂದಿಷ್ಟೂ ಕುಂದು ಬರಬಾರದು ಅಂತ ನಿಯಮವೇ ಇದೆ. ಹಾಗಾಗಿ ಅವಸರ ಬೇಡ. ನಾನು ಔಷಧಶಾಸ್ತ್ರ ಪಾಠ ಹೇಳುವವನು. ಇಂಥ ಟ್ರಯಲ್‌ಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲೂ ಕೂತಿದ್ದೇನೆ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, ಪ್ರಶ್ನೆ ಕೇಳಿ ಸಹಿ ಹಾಕುವವರು ಕಡಿಮೆ. "ಡಾಕ್ಟರು ಹೇಳಿದರಲ್ವಾ" ಅಂತ ಹಾಕುವವರೇ ಜಾಸ್ತಿ. ನೀವು ಬರೆದು ಕೇಳಿದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತು.

ಅಣ್ಣನ ಪ್ರಶ್ನೆ ಚೆನ್ನಾಗಿದೆ, ಅದನ್ನೇ ಮೊದಲು ತಗೊಳ್ಳೋಣ. ಆಗಸ್ಟ್ 3ರ ಆಸುಪಾಸು, ಕಕ್ಕಡ ಮಾಸದ ಹದಿನೆಂಟರಂದು, ಕೊಡಗಿನ ಮನೆಮನೆಯಲ್ಲೂ ಮದ್ದು ಸೊಪ್ಪು ಬೇಯುತ್ತದೆ. ಆ ನೇರಳೆ ನೀರಿನಲ್ಲಿ ಪಾಯಸವೋ ಪುಟ್ಟೋ ಮಾಡಿ ತಿನ್ನುತ್ತೇವೆ. ಅಂದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಕೂಡಿರುತ್ತದೆ ಅನ್ನುವುದು ಹಿರಿಯರ ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಮಕ್ಕಳು ಕೂಡ ಹೆದರುವುದಿಲ್ಲ. ಇದು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ಮನೆಮಂದಿಯೆಲ್ಲ ಕೂತು ತಿನ್ನುವ ಊಟ. ಊಟಕ್ಕೆ ಯಾರ ಅಪ್ಪಣೆಯೂ ಬೇಡ.

ಆದರೆ ಅದೇ ಸೊಪ್ಪಿನ ಸಾರ ತೆಗೆದು ಕ್ಯಾಪ್ಸೂಲ್‌ನಲ್ಲಿ ತುಂಬಿ "ದಿನಾ ಎರಡು ನುಂಗಿ, ಶುಗರ್ ಇಳಿಯುತ್ತೆ" ಅಂತ ಯಾರಾದರೂ ಮಾರಿದರೆ ಮಾತು ಬೇರೆ. ಆಗ ಎಷ್ಟು ಮಿಲಿಗ್ರಾಂ ಅಂತ ಕೇಳಬೇಕಾಗುತ್ತದೆ. ದಿನಾ ತಿಂದರೆ ಕಿಡ್ನಿಗೆ ಏನಾಗುತ್ತೆ? ಬಿಪಿ ಮಾತ್ರೆ ಜೊತೆ ಸೇರಿದರೆ? ನಾಪೋಕ್ಲಿನ ಸೊಪ್ಪಿಗೂ ಸೋಮವಾರಪೇಟೆಯ ಸೊಪ್ಪಿಗೂ ಸತ್ವ ಒಂದೇನಾ? ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಒಳ್ಳೆಯ ಗುಣ ತೋರಿಸುವ ಗಿಡಗಳು ಲೆಕ್ಕವಿಲ್ಲದಷ್ಟಿವೆ. ಮನುಷ್ಯರ ಮೈಯಲ್ಲೂ ಅದೇ ಕೆಲಸ ಮಾಡುವುದು ಅವುಗಳಲ್ಲಿ ತೀರಾ ಕೆಲವು.

ಗಿಡಮೂಲಿಕೆಯನ್ನು ಕೀಳಾಗಿ ನೋಡಿ ಹೀಗೆ ಹೇಳುತ್ತಿಲ್ಲ. ನಿಮ್ಮ ಅವ್ವ ದಿನಾ ನುಂಗುವ ಮೆಟ್‌ಫಾರ್ಮಿನ್‌ನ ಮೂಲವೂ ಒಂದು ಗಿಡವೇ. ಯುರೋಪಿನ ಗಲೇಗಾ ಅನ್ನುವ ಗಿಡವನ್ನು ಅಲ್ಲಿನ ಜನ ಹಿಂದಿನಿಂದ ಮದ್ದಾಗಿ ಬಳಸುತ್ತಿದ್ದರು. ಅದರಲ್ಲಿರುವ ಗಲೇಜಿನ್ ಅನ್ನುವ ಅಂಶ ರಕ್ತದ ಸಕ್ಕರೆ ಇಳಿಸುತ್ತದೆ ಅಂತ ಗೊತ್ತಾಯಿತು. ಆದರೆ ಅದು ಮೈಗೆ ಆಗಿಬರಲಿಲ್ಲ, ವಿಷದ ಗುಣ ಜಾಸ್ತಿ. ಅದೇ ಜಾತಿಯ, ಮೈಗೆ ಹೊಂದುವ ರಾಸಾಯನಿಕಗಳ ಹುಡುಕಾಟ ನಡೆಯಿತು. 1922ರಲ್ಲಿ ಮೆಟ್‌ಫಾರ್ಮಿನ್ ತಯಾರಾಯಿತು, ಆದರೂ ದಶಕಗಳ ಕಾಲ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ವರದಿ ಬರೆದದ್ದು 1957ರಲ್ಲಿ. ಅಮೆರಿಕ ಒಪ್ಪಿದ್ದು 1994ರಲ್ಲಿ. ದಪ್ಪ ಮೈಯ ಸಕ್ಕರೆ ಕಾಯಿಲೆಯವರಲ್ಲಿ ಅದು ಹೃದಯಾಘಾತ ಮತ್ತು ಸಾವನ್ನು ಕಡಿಮೆ ಮಾಡುತ್ತದೆ ಅಂತ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿದ್ದು 1998ರಲ್ಲಿ. ಗಿಡದಿಂದ ಮಾತ್ರೆಗೆ ಬರೋಕೆ ಎಷ್ಟು ಕಾಲ ಹಿಡಿಯಿತು ನೋಡಿ.

(ನಾಳೆ ಯಾರಾದರೂ ಮದ್ದು ಸೊಪ್ಪಿನಿಂದ ನಿಜವಾಗಿಯೂ ಮದ್ದು ಮಾಡಿ ಲಾಭ ಮಾಡಿದರೆ, ಅದನ್ನು ಉಳಿಸಿಕೊಂಡು ಬಂದ ಇಲ್ಲಿನ ಜನರಿಗೂ ಪಾಲು ಸಿಗಬೇಕು. 2002ರ ಜೀವವೈವಿಧ್ಯ ಕಾಯ್ದೆ ಇರುವುದು ಅದಕ್ಕೇ. ಈ ವಿಷಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಜಾಸ್ತಿ ಚರ್ಚೆಯಾಗಬೇಕು.)

ಈಗ ಹೊಸ ಮಾತ್ರೆಯ ದಾರಿ. ಪ್ರಯೋಗಾಲಯದಲ್ಲಿ ಸಾವಿರಾರು ರಾಸಾಯನಿಕಗಳನ್ನು ಜಾಲಾಡಿ ಕೆಲವನ್ನು ಆರಿಸುತ್ತಾರೆ. ಅವನ್ನು ಜೀವಕೋಶಗಳ ಮೇಲೆ, ಆಮೇಲೆ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆ. ಯಾವ ಪ್ರಮಾಣ ವಿಷವಾಗುತ್ತೆ, ಯಾವ ಅಂಗಕ್ಕೆ ಪೆಟ್ಟು ಬೀಳುತ್ತೆ, ಹುಟ್ಟುವ ಮರಿಗೆ ಏನಾಗುತ್ತೆ ಅನ್ನುವುದನ್ನೆಲ್ಲ ನೋಡುತ್ತಾರೆ. ಇಷ್ಟಕ್ಕೇ ಕೆಲವು ವರ್ಷ ಹೋಗುತ್ತದೆ. ಮನುಷ್ಯರಿಗೆ ಕೊಡುವ ಹಂತ ಬರುವುದು ಆಮೇಲೆ. ಮೊದಲ ಹಂತದಲ್ಲಿ ಇಪ್ಪತ್ತರಿಂದ ನೂರರಷ್ಟು ಜನ ಇರುತ್ತಾರೆ, ಹೆಚ್ಚಾಗಿ ಆರೋಗ್ಯವಂತರು. ಅಲ್ಲಿ ನೋಡುವುದು ಮೈ ಅದನ್ನು ತಡೆದುಕೊಳ್ಳುತ್ತಾ ಅಂತ ಮಾತ್ರ. ಎರಡನೇ ಹಂತದಲ್ಲಿ ಕೆಲವು ನೂರು ರೋಗಿಗಳು. ಕೆಲಸ ಮಾಡುತ್ತಾ, ಎಷ್ಟು ಪ್ರಮಾಣ ಸರಿ ಅಂತ ನೋಡುತ್ತಾರೆ. ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳು. ಈಗಿರುವ ಚಿಕಿತ್ಸೆಗಿಂತ ಇದು ಮೇಲಾ ಅನ್ನುವುದು ತೀರ್ಮಾನವಾಗುವುದು ಅಲ್ಲಿ. ಮನುಷ್ಯರ ಹಂತಕ್ಕೆ ಬಂದ ಹತ್ತು ಮದ್ದುಗಳಲ್ಲಿ ಸುಮಾರು ಒಂಬತ್ತು ಅಂಗಡಿಯ ತನಕ ಬರುವುದೇ ಇಲ್ಲ.

ಮೊದಲ ಹಂತದಲ್ಲಿ ಅಪಾಯ ಇಲ್ಲ ಅಂತ ನಾನು ಹೇಳಲಾರೆ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಮದ್ದನ್ನು ಆರು ಮಂದಿ ಆರೋಗ್ಯವಂತ ಗಂಡಸರಿಗೆ ಕೊಟ್ಟರು. ಪ್ರಾಣಿಗಳಿಗೆ ಏನೂ ಆಗದ ಪ್ರಮಾಣದ ಐನೂರನೇ ಒಂದು ಭಾಗ ಅಷ್ಟೇ. ಆದರೂ ಕೆಲವೇ ಗಂಟೆಗಳಲ್ಲಿ ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಒಬ್ಬರ ನಂತರ ಒಬ್ಬರಿಗೆ ಸಾಕಷ್ಟು ಬಿಡುವು ಬಿಡದೆ ಕೊಟ್ಟದ್ದು ದೊಡ್ಡ ತಪ್ಪು. ಅಲ್ಲಿಂದ ಮುಂದೆ ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರಿಗೆ ಕೊಡುವ ಪದ್ಧತಿ ಗಟ್ಟಿಯಾಯಿತು. ಹಾಗಾಗಿ "ಇದು ಯಾವ ಹಂತದ ಟ್ರಯಲ್?" ಅನ್ನುವುದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ನೀವು ಬರೆದಿರುವುದನ್ನು ನೋಡಿದರೆ ಮೂರನೇ ಹಂತದ್ದು ಅನಿಸುತ್ತದೆ. ಆದರೂ ಕೇಳಿ ಖಚಿತ ಮಾಡಿಕೊಳ್ಳಿ.

ನಿಮ್ಮನ್ನು ಜಾಸ್ತಿ ಕಾಡಿರುವುದು ಖಾಲಿ ಮಾತ್ರೆ. ಇದು ಮೋಸ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಇಡೀ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಉಪಾಯ ಇನ್ನೊಂದಿಲ್ಲ. ಕಾಫಿ ತೋಟದ ಲೆಕ್ಕದಲ್ಲೇ ನೋಡಿ. ಹೊಸ ಗೊಬ್ಬರವೊಂದನ್ನು ತೋಟಕ್ಕೆಲ್ಲ ಹಾಕಿದಿರಿ. ಆ ವರ್ಷ ಹೂಮಳೆಯೂ ಸರಿಯಾಗಿ ಬಂತು, ಫಸಲು ಚೆನ್ನಾಗಿ ಆಯಿತು. ಅದು ಗೊಬ್ಬರದ ಕೆಲಸವಾ ಮಳೆಯ ಕೆಲಸವಾ? ಕೆಲವು ಸಾಲುಗಳಿಗೆ ಗೊಬ್ಬರ ಹಾಕದೆ ಬಿಟ್ಟಿದ್ದರೆ ಮಾತ್ರ ಹೇಳಬಹುದಿತ್ತು. ಯಾವ ಸಾಲು ಬಿಡಬೇಕು ಅಂತ ನೀವೇ ಆರಿಸಿದರೂ ಆಗಲ್ಲ. ಒಳ್ಳೆಯ ಗಿಡಗಳಿರುವ ಸಾಲಿಗೇ ಕೈ ಹೋಗುತ್ತೆ. ಚೀಟಿ ಎತ್ತಿದ ಹಾಗೆ ಆರಿಸಬೇಕು.

ಡಾಕ್ಟರ ಅನುಭವ ಸಾಲದಾ ಅಂತ ಕೇಳಬಹುದು. ಸಾಲದು. ಹೃದಯಾಘಾತ ಆದವರಲ್ಲಿ ಎದೆಬಡಿತ ಏರುಪೇರಾದರೆ ಸಾವಿನ ಅಪಾಯ ಜಾಸ್ತಿ. ಬಡಿತವನ್ನು ಸರಿಮಾಡುವ ಮಾತ್ರೆ ಕೊಟ್ಟರೆ ಜೀವ ಉಳಿಯಬೇಕು ಅಲ್ವಾ? ಅಮೆರಿಕದ ವೈದ್ಯರೂ ಹಾಗೇ ಅಂದುಕೊಂಡಿದ್ದರು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಮಾತ್ರೆಗಳು ಬಳಕೆಗೂ ಬಂದಿದ್ದವು. ಕೊನೆಗೆ ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಮದ್ದು ತಗೊಂಡ 755 ಜನರಲ್ಲಿ 63 ಮಂದಿ ಸತ್ತರು. ಖಾಲಿ ಮಾತ್ರೆಯ 743 ಜನರಲ್ಲಿ ಸತ್ತವರು 26. ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ರೋಗಿ ಸಾಯುತ್ತಿದ್ದ. 1989ರಲ್ಲಿ ಈ ಎರಡು ಮಾತ್ರೆಗಳ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೋಲಿಕೆಗೆ ಒಂದು ಗುಂಪು ಇಲ್ಲದಿದ್ದರೆ, "ಹೃದಯದ ಕಾಯಿಲೆ, ಏನು ಮಾಡೋದು" ಅಂತ ಆ ಸಾವುಗಳನ್ನು ಎಲ್ಲರೂ ಒಪ್ಪಿಕೊಂಡು ಬಿಡುತ್ತಿದ್ದರು.

ಕೋವಿಡ್ ಕಾಲದಲ್ಲಿ, ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕೆ ಜನ ಪರದಾಡಿದ್ದು ನೆನಪಿದೆಯಲ್ಲ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿತು. ಕಾಯಿಲೆ ಉಲ್ಬಣವಾಗುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಅದೇ 2020ರಲ್ಲಿ ಬ್ರಿಟನ್ನಿನಲ್ಲಿ ಡೆಕ್ಸಾಮೆಥಸೋನ್ ಅನ್ನುವ ಹಳೆಯ, ತೀರಾ ಅಗ್ಗದ ಮದ್ದನ್ನು ಪರೀಕ್ಷಿಸಿದರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗದಷ್ಟು ಇಳಿಯಿತು. ಎರಡನ್ನೂ ತಿಳಿಸಿಕೊಟ್ಟವರು ನಿಮ್ಮ ಅವ್ವನಂತೆ ಯಾವುದೋ ಆಸ್ಪತ್ರೆಯಲ್ಲಿ ಸಹಿ ಹಾಕಿದ ರೋಗಿಗಳು.

ಇನ್ನು ಅವ್ವನ ಮಟ್ಟಿಗೆ ಹೇಳುವುದಾದರೆ, ಖಾಲಿ ಮಾತ್ರೆ ಅಂದರೆ ಚಿಕಿತ್ಸೆಯೇ ಇಲ್ಲ ಅಂತ ಅರ್ಥ ಅಲ್ಲ. ಸಕ್ಕರೆ ಕಾಯಿಲೆಯ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಮೆಟ್‌ಫಾರ್ಮಿನ್ ಮುಂದುವರಿಯುತ್ತದೆ. ಅದರ ಮೇಲೆ ಅರ್ಧ ಜನರಿಗೆ ಹೊಸ ಮದ್ದು, ಅರ್ಧ ಜನರಿಗೆ ಖಾಲಿ ಮಾತ್ರೆ. ಸಕ್ಕರೆ ಇಷ್ಟಕ್ಕಿಂತ ಮೇಲೆ ಹೋದರೆ ಬೇರೆ ಮದ್ದು ಸೇರಿಸುತ್ತೇವೆ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಆ ಗಡಿ ಎಷ್ಟು, ಅಲ್ಲಿಯ ತನಕ ಎಷ್ಟು ದಿನ ಕಾಯುತ್ತಾರೆ ಅಂತ ಕೇಳಿ. ಸಮಾಧಾನದ ಉತ್ತರ ಸಿಗದಿದ್ದರೆ ಸೇರಬೇಡಿ.

ಎಲ್ಲಾ ಟ್ರಯಲ್‌ನಲ್ಲೂ ಖಾಲಿ ಮಾತ್ರೆ ಇರುವುದಿಲ್ಲ. ಕ್ಷಯರೋಗದ ಕಥೆ ನಮ್ಮ ಪಕ್ಕದ ರಾಜ್ಯದ್ದೇ. ಒಂದು ಕಾಲದಲ್ಲಿ ಟಿಬಿ ಬಂದರೆ ತಿಂಗಳುಗಟ್ಟಲೆ ಸ್ಯಾನಿಟೋರಿಯಂನಲ್ಲಿ ಇರಬೇಕಿತ್ತು. ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂನ ಹೆಸರು ನಮ್ಮ ಕಡೆಯ ಹಳಬರಿಗೆ ಚೆನ್ನಾಗಿ ಗೊತ್ತು. ಒಳ್ಳೆಯ ಗಾಳಿ, ಒಳ್ಳೆಯ ಊಟ, ಪೂರ್ತಿ ವಿಶ್ರಾಂತಿ ಇಲ್ಲದೆ ವಾಸಿಯಾಗಲ್ಲ ಅಂತ ಎಲ್ಲರೂ ನಂಬಿದ್ದರು. 1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು. ನಗರದ ಬಡ ಕೇರಿಗಳ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂಗೆ ಕಳಿಸಿದರು, ಕೆಲವರಿಗೆ ಮನೆಯಲ್ಲೇ ಮದ್ದು ಕೊಟ್ಟರು. ಇಬ್ಬರಿಗೂ ಅವೇ ಮದ್ದುಗಳು, ಒಂದು ವರ್ಷದ ತನಕ. 1959ರಲ್ಲಿ ಫಲಿತಾಂಶ ಬಂತು. ಇಕ್ಕಟ್ಟಾದ ಮನೆಯಲ್ಲಿ, ಬಡ ಊಟ ತಿಂದು ಮದ್ದು ತಗೊಂಡವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಮನೆಯವರಿಗೆ ಅದರಿಂದ ಹೆಚ್ಚು ಸೋಂಕೂ ತಗುಲಿರಲಿಲ್ಲ. ಜಗತ್ತಿನ ಟಿಬಿ ಚಿಕಿತ್ಸೆಯೇ ಬದಲಾಯಿತು. ಇವತ್ತು ಸಿದ್ದಾಪುರದ ಕಾಫಿ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರೊಬ್ಬರು ಮನೆಯಲ್ಲೇ ಇದ್ದು ಆರು ತಿಂಗಳು ಸರ್ಕಾರದ ಮಾತ್ರೆ ನುಂಗಿ ವಾಸಿಯಾಗುತ್ತಾರೆ ಅಂದರೆ, ಅದಕ್ಕೆ ಹೆಸರು ಕೂಡ ಗೊತ್ತಿಲ್ಲದ ಆ ಮದ್ರಾಸಿನ ಬಡ ರೋಗಿಗಳು ಕಾರಣ. ಟ್ರಯಲ್ ಅಂದರೆ ಇಲಿ ಆಗುವುದು ಅನ್ನುವವರಿಗೆ ನಾನು ಇದನ್ನು ಮರೆಯದೆ ಹೇಳುತ್ತೇನೆ.

ಹಾಗಂತ ನಿಮ್ಮ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಥಾಲಿಡೋಮೈಡ್ ಅನ್ನುವ ಮಾತ್ರೆಯನ್ನು 1957ರಿಂದ ಜರ್ಮನಿಯಲ್ಲಿ ಮಾರಿದರು. ಬಸಿರಿನ ವಾಕರಿಕೆಗೂ ಅದನ್ನು ತಗೊಳ್ಳುತ್ತಿದ್ದರು. 1961ರ ಕೊನೆಗೆ ಅಲ್ಲಿ ಹಿಂತೆಗೆದುಕೊಂಡರು, ಆದರೆ ಅದರಿಂದ ಅನೇಕ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದರು. ಇವತ್ತಿನ ಬಿಗಿ ಕಾನೂನುಗಳ ಹಿಂದೆ ಆ ಮಕ್ಕಳಿದ್ದಾರೆ. ನಮ್ಮಲ್ಲಿ 2010ರಲ್ಲಿ ಖಮ್ಮಂ ಮತ್ತು ವಡೋದರಾದಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನವೊಂದನ್ನು ನಿಲ್ಲಿಸಬೇಕಾಯಿತು. ಕೆಲವು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಖಮ್ಮಂನಲ್ಲಿ ಅನೇಕ ಹುಡುಗಿಯರ ಪರವಾಗಿ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ನನಗೆ ಇದು ಇವತ್ತಿಗೂ ನೋವಿನ ವಿಷಯ. ನಮ್ಮ ಜಿಲ್ಲೆಯಲ್ಲೂ ಆಶ್ರಮ ಶಾಲೆಗಳಿವೆ, ಆದಿವಾಸಿಗಳ ಹಾಡಿಗಳಿವೆ, ಲೈನ್ ಮನೆಗಳಿವೆ. ಯರವ ಬುಡಕಟ್ಟಿನ ಹುಡುಗಿಯ ಪರವಾಗಿ ವಾರ್ಡನ್ ಆಗಲಿ, ಕಾರ್ಮಿಕರ ಪರವಾಗಿ ತೋಟದ ರೈಟರ್ ಆಗಲಿ ಸಾಹುಕಾರರಾಗಲಿ ಒಪ್ಪಿಗೆ ಕೊಡುವಂತಿಲ್ಲ. ಅದನ್ನು ಎಲ್ಲರೂ ತಿಳಿದಿರಬೇಕು.

2013ರಲ್ಲಿ ಸುಪ್ರೀಂ ಕೋರ್ಟು ಕಠಿಣವಾಗಿ ಮಾತಾಡಿದ ಮೇಲೆ ನಿಯಮಗಳು ಬಿಗಿಯಾದವು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅದರಲ್ಲಿ ಅವ್ವನಿಗೆ ಬೇಕಾದದ್ದನ್ನು ಹೇಳುತ್ತೇನೆ. ಮಾಹಿತಿ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಕಾಗದ ಕೊಟ್ಟು "ಇಲ್ಲಿ ಸಹಿ ಮಾಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಪತ್ರದ ಒಂದು ಪ್ರತಿ ನಿಮಗೆ ಕೊಡಲೇಬೇಕು. ಮನೆಗೆ ತಂದು ನಾಲ್ಕು ದಿನ ಇಟ್ಟುಕೊಂಡು ಓದಿ, ನಿಮ್ಮ ಊರಿನ ಡಾಕ್ಟರಿಗೂ ತೋರಿಸಿ. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತಿರಬೇಕು. ಒಪ್ಪಿ ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ, ಹೊರಗೆ ಬರಬಹುದು.

ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಕಾನೂನು ತಿಳಿದವರು, ಒಬ್ಬ ಹೆಂಗಸಾದರೂ, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಆ ಸಾಮಾನ್ಯರ ಪ್ರಶ್ನೆಗಳೇ ನಮಗೆ ಅನೇಕ ಸಲ ಕಣ್ಣು ತೆರೆಸಿವೆ. "ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತೀರಿ, ಹಳ್ಳಿಯಿಂದ ಬರುವ ಸಕ್ಕರೆ ಕಾಯಿಲೆಯವರು ಬಸ್ಸಿನಲ್ಲಿ ತಲೆ ತಿರುಗಿ ಬಿದ್ದರೆ?" ಅಂತ ಕೇಳಲು ಯಾವ ಪ್ರೊಫೆಸರಿಗೂ ತೋಚಿರುವುದಿಲ್ಲ. ಕಮಿಟಿಯ ಫೋನ್ ನಂಬರ್ ನಿಮ್ಮ ಪತ್ರದಲ್ಲಿ ಇರುತ್ತದೆ. ಡಾಕ್ಟರ ಹತ್ತಿರ ಕೇಳಲು ಹಿಂಜರಿಕೆಯಾದರೆ ಅಲ್ಲಿಗೆ ಮಾಡಿ.

ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಿಮ್ಮದಲ್ಲ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವೈದ್ಯರು ಕಮಿಟಿಗೂ, ಮದ್ದಿನ ಕಂಪನಿಗೂ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಗೂ ತಿಳಿಸಬೇಕು. ಟ್ರಯಲ್ ಕಾರಣ ಅಂತ ತೀರ್ಮಾನವಾದರೆ ಪರಿಹಾರ ಕೊಡಬೇಕು. ಎಷ್ಟು ಅನ್ನುವುದಕ್ಕೂ ವಯಸ್ಸು ಮತ್ತು ಅಪಾಯದ ಮಟ್ಟ ನೋಡಿ ಲೆಕ್ಕ ಹಾಕುವ ಸೂತ್ರ ಇದೆ. ಇನ್ನೊಂದು ಕೆಲಸ ನೀವೇ ಮಾಡಬಹುದು. ದೇಶದ ಪ್ರತಿ ಟ್ರಯಲ್ಲೂ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ (ಸಿಟಿಆರ್‌ಐ) ಮೊದಲೇ ದಾಖಲಾಗಬೇಕು, 2009ರಿಂದ ಇದು ಕಡ್ಡಾಯ. ಸಿಟಿಆರ್‌ಐ ನಂಬರ್ ಕೇಳಿ ತಗೊಂಡು ಮೊಬೈಲಿನಲ್ಲಿ ಹುಡುಕಿ. ನಂಬರ್ ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ.

ಮೂರನೇ ಹಂತ ಮುಗಿದರೆ ಸಾವಿರಾರು ಪುಟಗಳ ದಾಖಲೆ ದೆಹಲಿಗೆ ಹೋಗುತ್ತದೆ. ತಜ್ಞರ ಸಮಿತಿ ನೋಡುತ್ತದೆ, ಭಾರತದ ಔಷಧ ನಿಯಂತ್ರಕರು ಒಪ್ಪಿಗೆ ಕೊಡುತ್ತಾರೆ ಅಥವಾ ಇನ್ನಷ್ಟು ಪುರಾವೆ ಕೇಳುತ್ತಾರೆ. ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತಲ್ಲ ಅಂತ ಅಣ್ಣ ಮುಂದೆ ಕೇಳಿಯೇ ಕೇಳುತ್ತಾರೆ. ಒಂದರ ನಂತರ ಒಂದು ಮಾಡುವ ಹಂತಗಳನ್ನು ಆಗ ಒಟ್ಟೊಟ್ಟಿಗೆ ನಡೆಸಿದರು. ಹಣ ಮೊದಲೇ ಸುರಿದಿದ್ದರು. ಊರೆಲ್ಲ ಕಾಯಿಲೆ ಇದ್ದದ್ದರಿಂದ ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಆದರೂ ಕೋವ್ಯಾಕ್ಸಿನ್‌ಗೆ 2021ರ ಜನವರಿಯಲ್ಲಿ ಮೂರನೇ ಹಂತದ ಫಲಿತಾಂಶ ಬರುವ ಮೊದಲೇ ಅನುಮತಿ ಕೊಟ್ಟದ್ದು ನನಗೆ ಸರಿ ಕಾಣಲಿಲ್ಲ. ಆಮೇಲೆ ಫಲಿತಾಂಶ ಚೆನ್ನಾಗಿಯೇ ಬಂತು, ಆದರೆ ಜನರ ನಂಬಿಕೆ ಬೇಕಾದರೆ ಪುರಾವೆ ಮೊದಲು ಬರಬೇಕು.

ಸಕ್ಕರೆ ಕಾಯಿಲೆಯ ಮದ್ದಿಗೆ ಇಷ್ಟು ಜನ, ಇಷ್ಟು ವರ್ಷ ಬೇಕಾಗುವುದಕ್ಕೆ ಇನ್ನೊಂದು ಕಾರಣ ಇದೆ. ಸಕ್ಕರೆ ಇಳಿಸಿದರೆ ಮಾತ್ರ ಸಾಲದು, ಹೃದಯಕ್ಕೆ ಕೆಡುಕು ಮಾಡಬಾರದು. ರೋಸಿಗ್ಲಿಟಜೋನ್ ಅನ್ನುವ ಮಾತ್ರೆ ಸಕ್ಕರೆ ಇಳಿಸುತ್ತಿತ್ತು, ಆದರೆ ಅದರಿಂದ ಹೃದಯಾಘಾತ ಹೆಚ್ಚುತ್ತದೆಯೇ ಅನ್ನುವ ಅನುಮಾನ 2007ರಲ್ಲಿ ಎದ್ದಿತು. ಮರುವರ್ಷವೇ ಅಮೆರಿಕ, ಹೃದಯದ ಪುರಾವೆಯನ್ನೂ ಕೊಡಿ ಅಂತ ಕಂಪನಿಗಳನ್ನು ಕೇಳಿತು. ಹಾಗೆ ನಡೆದ ಅಧ್ಯಯನವೊಂದರಲ್ಲಿ ಏಳು ಸಾವಿರ ಜನರಿದ್ದರು. ಎಂಪಾಗ್ಲಿಫ್ಲೋಜಿನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಹೃದಯ ಕಾಯಿಲೆ ಇರುವ ಸಕ್ಕರೆ ರೋಗಿಗಳ ಜೀವ ಉಳಿಸುತ್ತದೆ ಅಂತ 2015ರಲ್ಲಿ ಅದು ತೋರಿಸಿತು. 2025ರಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಚೆನ್ನಾಗಿ ಇಳಿದಿದೆ. ಟ್ರಯಲ್ ಬೇಡ ಅನಿಸಿದರೆ, ಇಂಥ ಮಾತ್ರೆ ಅವ್ವನಿಗೆ ಹೊಂದುತ್ತಾ ಅಂತ ಡಾಕ್ಟರನ್ನು ಕೇಳಿ. ಟ್ರಯಲ್ ಒಂದೇ ದಾರಿ ಅಲ್ಲ.

ಅಂಗಡಿಗೆ ಬಂದ ಮೇಲೂ ಮದ್ದಿನ ಮೇಲೆ ಕಣ್ಣಿಟ್ಟಿರಬೇಕು. ಸಾವಿರ ಜನರಲ್ಲಿ ಕಾಣದ್ದು ಲಕ್ಷ ಜನರಲ್ಲಿ ಕಾಣಬಹುದು. ಯಾವುದೇ ಮಾತ್ರೆಯಿಂದ ತೊಂದರೆಯಾದರೆ ನೀವೇ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು. ಈ ನಂಬರನ್ನು ಬಳಸುವವರು ತೀರಾ ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ: ಮೂರನೇ ಹಂತದ ಟ್ರಯಲ್ ಆಗಿದ್ದು, ಕಾಗದ ಕನ್ನಡದಲ್ಲಿದ್ದು, ಮೆಟ್‌ಫಾರ್ಮಿನ್ ಮುಂದುವರಿಯುವುದಾದರೆ ಸೇರುವುದರಲ್ಲಿ ತಪ್ಪಿಲ್ಲ. ಸಾಮಾನ್ಯ ಓಪಿಡಿಗಿಂತ ಜಾಸ್ತಿ ನಿಗಾ ಸಿಗುತ್ತದೆ. ಆದರೆ ಫ್ರೀ ಅನ್ನುವ ಒಂದೇ ಕಾರಣಕ್ಕೆ ಸೇರಬೇಡಿ. ಟ್ರಯಲ್ ಮುಗಿದ ಮೇಲೆ ಆ ಮದ್ದು ನಿಂತು ಹೋಗಬಹುದು. ಆಮೇಲೆ ಏನು ಅಂತ ಈಗಲೇ ಕೇಳಿ. ತೀರ್ಮಾನ ಮಾತ್ರ ಅವ್ವನದೇ ಆಗಬೇಕು, ನಿಮ್ಮದೂ ಅಲ್ಲ, ಅಣ್ಣನದೂ ಅಲ್ಲ. ನೀವು ಓದಿ ಹೇಳಿ, ಅವರು ಯೋಚಿಸಲಿ.

ನಮ್ಮ ಊರಿಗೇ ಸೇರಿದ ಒಂದು ವಿಷಯವನ್ನು ಮೈಸೂರಿನ ಡಾಕ್ಟರ ಹತ್ತಿರ ಬಿಡಿಸಿ ಮಾತಾಡಿ. ಜುಲೈನಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟೂ ನೆಟ್‌ವರ್ಕೂ ಹೋದ ದಿನ ಪರೀಕ್ಷೆಗೆ ಬರಲಾಗದಿದ್ದರೆ ಏನು? ತಿತಿಮತಿ, ಹುಣಸೂರು ದಾಟಿ ಹೋಗಿಬರುವ ಬಸ್ಸಿನ ಖರ್ಚು ಕೊಡುತ್ತಾರಾ? ರಾತ್ರಿ ಸಕ್ಕರೆ ಇಳಿದು ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಗೋಣಿಕೊಪ್ಪಲು ಅಥವಾ ವಿರಾಜಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವ್ವ ಯಾವ ಮಾತ್ರೆ ತಗೊಂಡಿದ್ದಾರೆ ಅಂತ ಅಲ್ಲಿನ ಡಾಕ್ಟರಿಗೆ ಗೊತ್ತಾಗಬೇಕಾದರೆ ಟ್ರಯಲ್‌ನ ಗುರುತಿನ ಕಾರ್ಡು ಬೇಕು. ತುರ್ತಿನಲ್ಲಿ ಗುಟ್ಟು ಬಿಡಿಸಿ ಹೇಳುವ ಏರ್ಪಾಡು ಪ್ರತಿ ಟ್ರಯಲ್‌ನಲ್ಲೂ ಇರುತ್ತದೆ. 24 ಗಂಟೆಯೂ ಎತ್ತುವ ಆ ನಂಬರನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಒಂದನ್ನು ಅವ್ವನ ಪರ್ಸಿನಲ್ಲಿಡಿ, ಇನ್ನೊಂದನ್ನು ಪಕ್ಕದ ಮನೆಯವರ ಹತ್ತಿರ ಕೊಟ್ಟಿರಿ.